ಗೌರಿ ಕಂದು ಹಾಕಿದ ವರ್ಷ

ಮಲೆನಾಡಿನಲ್ಲಿ ಜ್ವರ ಬಂದರೆ ಅದಕ್ಕೆ ಹೆಸರಿಡಲು ಯಾರೂ ಡಾಕ್ಟರಿಗಾಗಿ ಕಾಯುವುದಿಲ್ಲ. ಮಳೆಗಾಲದಲ್ಲಿ ಗದ್ದೆಗಿಳಿದವರಿಗೆ ಬಂದರೆ ಇಲಿ ಜ್ವರ. ಡಿಸೆಂಬರ್ ನಂತರ ಸೊಪ್ಪಿಗೋ ದರಕಿಗೋ ಕಾಡಿಗೆ ಹೋದವರಿಗೆ ಬಂದರೆ ಮಂಗನ ಕಾಯಿಲೆ. ಬೆಂಗಳೂರಿನಿಂದ ಹಬ್ಬಕ್ಕೆ ಬಂದ ಮಗನಿಗೆ ಬಂದರೆ ಡೆಂಗಿ. ತಮಾಷೆ ಮಾಡುತ್ತಿಲ್ಲ, ಎಷ್ಟೋ ಸಲ ಊರಿನವರ ಲೆಕ್ಕ ಸರಿಯಾಗಿಯೇ ಇರುತ್ತದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿ, ಅವುಗಳ ಹಿಂದೆಯೇ ಮನುಷ್ಯರೂ ಹಾಸಿಗೆ ಹಿಡಿದ ಮೇಲೆ, ನಮ್ಮ ಜಿಲ್ಲೆಯ ಒಂದು ಕಾಡಿನ ಹೆಸರು ಜಗತ್ತಿನ ವೈದ್ಯಕೀಯ ಪುಸ್ತಕಗಳಿಗೆ ಸೇರಿಹೋಯಿತು. ಅಲ್ಲಿಂದೀಚೆಗೆ ನಮ್ಮ ಹೆದರಿಕೆಯೆಲ್ಲ ಕಾಡಿನ ಕಡೆಗೇ. ಉಣುಗು ಹತ್ತದಿರಲಿ ಎಂದು ಎಣ್ಣೆ ಹಚ್ಚಿಕೊಳ್ಳುತ್ತೇವೆ, ಸತ್ತ ಮಂಗ ಕಂಡರೆ ಆರೋಗ್ಯ ಇಲಾಖೆಗೆ ಫೋನ್ ಮಾಡುತ್ತೇವೆ. ಮನೆಗೆ ಅಂಟಿಕೊಂಡೇ ಇರುವ ಕೊಟ್ಟಿಗೆಯ ಮೇಲೆ ಯಾರಿಗೂ ಅನುಮಾನವಿಲ್ಲ.

ಕೊಟ್ಟಿಗೆಯಿಂದಲೂ ಒಂದು ಜ್ವರ ಬರುತ್ತದೆ. ಬ್ರುಸೆಲ್ಲೋಸಿಸ್. ಗಬ್ಬದ ಹಸು ತಿಂಗಳು ತುಂಬುವ ಮೊದಲೇ ಕಂದು ಹಾಕುವುದರಿಂದ ದನದ ಡಾಕ್ಟರುಗಳು ಕಂದು ರೋಗ ಎನ್ನುತ್ತಾರೆ. ಮನುಷ್ಯರಿಗೆ ಹತ್ತಿದರೆ ಬಂದು ಹೋಗಿ ಮಾಡುವ ಜ್ವರ, ರಾತ್ರಿ ಬೆವರು, ಕೀಲು ಮತ್ತು ಬೆನ್ನಿನ ನೋವು, ಎದ್ದು ಓಡಾಡಲಾರದ ಸುಸ್ತು. ತೀರ ಅಪರೂಪಕ್ಕೆ ಅದು ಮಾಂಸಖಂಡದೊಳಗೆ ಹೋಗಿ ಕೂತು ಕೀವು ಕಟ್ಟುತ್ತದೆ. ಆ ಅಪರೂಪ ನಮ್ಮ ಚಿಕ್ಕಪ್ಪನ ಪಾಲಿಗೆ ಬಂತು. ನಾನು ಶಿವಮೊಗ್ಗದ ಒಂದು ಲ್ಯಾಬಿನಲ್ಲಿ ಕೆಲಸ ಮಾಡುವವನು; ರಕ್ತ, ಕಫ, ಕೀವು ಇವೇ ನನ್ನ ದಿನಚರಿ. ಬರೆಯಲೇ ಎಂದು ಚಿಕ್ಕಪ್ಪನನ್ನು ಕೇಳಿದೆ. "ಬರಿ ಮಾರಾಯ, ನನ್ನ ಹೆಸರು ಮಾತ್ರ ಹಾಕ್ಬೇಡ. ಹಸೂದು ಬೇಕಾದ್ರೆ ಹಾಕು" ಅಂದರು. ಹಸುವಿನ ಹೆಸರು ಗೌರಿ.

ಊರು ಹೊಸನಗರದ ಕಡೆ. ಮನೆ ಹಿಂದೆ ಅಡಿಕೆ ತೋಟ, ಮುಂದೆ ಒಂದಿಷ್ಟು ಗದ್ದೆ, ಕೊಟ್ಟಿಗೆಯಲ್ಲಿ ಎರಡು ಮಲೆನಾಡು ಗಿಡ್ಡ ಮತ್ತು ಒಂದು ಜರ್ಸಿ ಮಿಶ್ರತಳಿ. ಆ ವರ್ಷ ನವರಾತ್ರಿ ಹೊತ್ತಿಗೆ ಚಿಕ್ಕಪ್ಪನಿಗೆ ಜ್ವರ ಶುರುವಾಯಿತು. ಬೆಳಿಗ್ಗೆ ಸರಿಯಾಗಿಯೇ ಎದ್ದು ತೋಟಕ್ಕೆ ಹೋಗುವವರು ಸಂಜೆ ದೀಪ ಹಚ್ಚುವ ಹೊತ್ತಿಗೆ ಚಳಿ ಎಂದು ಬಚ್ಚಲೊಲೆ ಮುಂದೆ ಕೂರುತ್ತಿದ್ದರು. ನಡುರಾತ್ರಿ ಮೈಯೆಲ್ಲ ನೀರು. ಅಮೃತಬಳ್ಳಿ ಕಷಾಯ ಆಯಿತು, ಜೀರಿಗೆ ಕೊತ್ತಂಬರಿ ಕಷಾಯ ಆಯಿತು. ಕೊನೆಗೆ ಹತ್ತಿರದ ಕ್ಲಿನಿಕ್ಕಿಗೆ ಹೋದರು. ಗದ್ದೆ ಕೆಲಸದವರು, ಮಳೆ ಇನ್ನೂ ಪೂರ್ತಿ ಬಿಟ್ಟಿಲ್ಲ. ಇಲಿ ಜ್ವರ ಇರಬಹುದೆಂದು ಡಾಕ್ಟರು ಒಂದು ವಾರದ ಡಾಕ್ಸಿಸೈಕ್ಲಿನ್ ಬರೆದುಕೊಟ್ಟರು. ಜ್ವರ ಬಿಟ್ಟಿತು. ಅಡಿಕೆ ಕೊಯ್ಲು ಶುರುವಾಗುವ ಹೊತ್ತಿಗೆ ಚಿಕ್ಕಪ್ಪ ಎದ್ದು ಓಡಾಡುತ್ತಿದ್ದರು.

ಕೊಯ್ಲು ಮುಗಿಯುವ ಮೊದಲೇ ಅದೇ ಜ್ವರ ಮತ್ತೆ ಬಂತು. ಈಗ ಡಿಸೆಂಬರ್, ಹಾಗಾಗಿ ಮಂಗನ ಕಾಯಿಲೆಯ ಪರೀಕ್ಷೆ. ಇಲ್ಲ ಎಂದು ಬಂತು. ಜ್ವರದ ಜೊತೆ ಈಗ ಸೊಂಟದ ಬಲಗಡೆ ಆಳದಲ್ಲಿ ನೋವು. ಅಡಿಕೆ ಮೂಟೆ ಎತ್ತಿ ಉಳುಕಿದೆ ಎಂದು ಊರಿನಲ್ಲಿ ತೀರ್ಮಾನವಾಗಿ, ಎಣ್ಣೆ ತಿಕ್ಕಿಸಿ ಬಿಸಿನೀರು ಹುಯ್ದರು. ಅವರು ಮಲಗುತ್ತಿದ್ದ ರೀತಿ ನನಗೆ ವಿಚಿತ್ರವೆನಿಸಿತ್ತು. ಬಲ ಮೊಣಕಾಲನ್ನು ಸದಾ ಮಡಚಿಕೊಂಡೇ ಇರುತ್ತಿದ್ದರು, ಕಾಲು ನೀಡಲು ಹೇಳಿದರೆ ಮುಖ ಕಿವುಚುತ್ತಿದ್ದರು. ನಡೆಯುವಾಗ ಮುಂದಕ್ಕೆ ಬಾಗಿ ನಡೆಯುತ್ತಿದ್ದರು. ಸಂಕ್ರಾಂತಿ ಕಳೆಯುವಷ್ಟರಲ್ಲಿ ಎಡ ತೊಡೆಯ ಮುಂಭಾಗದಲ್ಲೂ ಒಂದು ಗಟ್ಟಿ ಬಾವು. ಕೆಂಪಿಲ್ಲ, ಮುಟ್ಟಿದರೆ ಸುಡುವಷ್ಟು ಬಿಸಿಯೂ ಇಲ್ಲ, ಒತ್ತಿದರೆ ಮಾತ್ರ ನೋವು. ತೂಕ ಎಷ್ಟು ಇಳಿದಿತ್ತೆಂದರೆ ಪಂಚೆ ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ.

ದೊಡ್ಡಾಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದಾಗ ಕಂಡದ್ದು ಕೀವು. ಸೊಂಟದ ಕಶೇರುಗಳಿಂದ ಹೊರಟು, ಹೊಟ್ಟೆಯ ಹಿಂಗೋಡೆಗೆ ಒರಗಿಕೊಂಡು ಇಳಿದು, ತೊಡೆಮೂಳೆಗೆ ಸೇರುವ ದಪ್ಪ ಸ್ನಾಯುವೊಂದಿದೆ. ಸೋಯಸ್ ಎಂದು ಅದರ ಹೆಸರು. ತೊಡೆಯನ್ನು ಹೊಟ್ಟೆಯ ಕಡೆಗೆ ಎತ್ತುವುದು ಅದರ ಕೆಲಸ. ಅದರೊಳಗೆ ಕೀವು ತುಂಬಿದರೆ ಕಾಲು ನೀಡಿದಾಗೆಲ್ಲ ಅದು ಎಳೆಯುತ್ತದೆ, ಆದ್ದರಿಂದ ರೋಗಿ ಮೊಣಕಾಲು ಮಡಚಿಕೊಂಡೇ ಮಲಗುತ್ತಾನೆ. ಚಿಕ್ಕಪ್ಪನ ಮಲಗುವ ಭಂಗಿಗೆ ಅರ್ಥ ಸಿಕ್ಕಿತು. ಎಡ ತೊಡೆಯ ಬಾವು ಬೇರೆಯೇ ಒಂದು ಸ್ನಾಯುವಿನದು, ಅದರಲ್ಲೂ ಸ್ವಲ್ಪ ಕೀವಿತ್ತು.

ಸಂಜೆ ಜ್ವರ, ರಾತ್ರಿ ಬೆವರು, ಇಳಿದ ಮೈ, ಸೋಯಸ್ ಸ್ನಾಯುವಿನಲ್ಲಿ ತಣ್ಣನೆಯ ಕೀವು. ನಮ್ಮ ದೇಶದಲ್ಲಿ ಇವಿಷ್ಟನ್ನೂ ಒಟ್ಟಿಗೆ ಕಂಡ ಯಾವ ಡಾಕ್ಟರಾದರೂ ಮೊದಲು ಟಿ.ಬಿ. ಎಂದೇ ಯೋಚಿಸುತ್ತಾರೆ, ಯೋಚಿಸಲೂಬೇಕು. ಬೆನ್ನುಮೂಳೆಯ ಟಿ.ಬಿ.ಯಿಂದ ಕೀವು ಇಳಿದು ಸೋಯಸ್ಸಿನಲ್ಲಿ ಸೇರುವುದು ನೂರಾರು ವರ್ಷಗಳಿಂದ ಗೊತ್ತಿರುವ ಸಂಗತಿ. ಟಿ.ಬಿ. ಮಾತ್ರೆಗಳು ಶುರುವಾದವು. ಮತ್ತೆ ಜ್ವರ ಇಳಿಯಿತು! ಚಿಕ್ಕಮ್ಮ ಸಿಗಂದೂರಿಗೆ ಹರಕೆ ಕೂಡ ಒಪ್ಪಿಸಿ ಬಂದರು. ಆದರೆ ಎಂಆರ್‌ಐನಲ್ಲಿ ಬೆನ್ನುಮೂಳೆ ಪೂರ್ತಿ ಸ್ವಚ್ಛ. ಕೀವಿನಲ್ಲಿ ಟಿ.ಬಿ. ರೋಗಾಣುವಿನ ಜೀನ್ ಹುಡುಕುವ ಪರೀಕ್ಷೆಯೂ ಇಲ್ಲ ಎಂದಿತು. ತೊಡೆಯ ಬಾವು ಹಾಗೆಯೇ ಇತ್ತು, ಜ್ವರ ಸಣ್ಣಗೆ ಮತ್ತೆ ತಲೆಯೆತ್ತಿತು. ಅಲ್ಲಿನ ಒಬ್ಬ ಕಿರಿಯ ಡಾಕ್ಟರಿಗೆ ಇದು ಸರಿಕಾಣದೆ, ಸೂಜಿ ಹಾಕಿ ತೆಗೆದ ಕೀವನ್ನೂ ಒಂದಿಷ್ಟು ರಕ್ತವನ್ನೂ ಕಲ್ಚರ್ ಬಾಟಲಿಗೆ ತುಂಬಿ ಕಳಿಸಿದರು. ಅವು ಬಂದದ್ದು ನಮ್ಮ ಲ್ಯಾಬಿಗೆ.

ಬಾಟಲಿಗಳು ಕೆಲವು ದಿನ ಯಂತ್ರದೊಳಗೆ ಸುಮ್ಮನೆ ಕೂತಿದ್ದವು. ಸಾಮಾನ್ಯ ಕೀವಿನ ರೋಗಾಣುಗಳು ಒಂದೆರಡು ದಿನದಲ್ಲೇ ಬೆಳೆದು ಬಿಡುತ್ತವೆ. ಇದು ನಿಧಾನದ ಆಸಾಮಿ. ಹಳೆಯ ಪದ್ಧತಿಯಲ್ಲಾದರೆ ವಾರಗಟ್ಟಲೆ ಕಾಯಬೇಕಿತ್ತು. ಕೊನೆಗೆ ಯಂತ್ರ ಸೂಚನೆ ಕೊಟ್ಟಾಗ ಸ್ಲೈಡಿನಲ್ಲಿ ಕಂಡದ್ದು ಮರಳು ಚೆಲ್ಲಿದಷ್ಟು ಸಣ್ಣ ಸಣ್ಣ ಗುಲಾಬಿ ಚುಕ್ಕೆಗಳು. ನಮ್ಮ ಮೈಕ್ರೋಬಯಾಲಜಿ ಮೇಡಂ ಅದನ್ನು ನೋಡಿದವರೇ ಎದ್ದು, ಮುಂದಿನ ಕೆಲಸವೆಲ್ಲ ಸೇಫ್ಟಿ ಕ್ಯಾಬಿನೆಟ್ಟಿನ ಒಳಗೇ ಆಗಬೇಕು, ಪ್ಲೇಟು ಮೂಸಿ ನೋಡುವ ಚಪಲ ಯಾರಿಗೂ ಬೇಡ ಎಂದರು. ಲ್ಯಾಬಿನಲ್ಲಿ ಕೆಲಸ ಮಾಡುವವರಿಗೇ ಹತ್ತುವ ಸೋಂಕುಗಳಲ್ಲಿ ಬ್ರುಸೆಲ್ಲಾಕ್ಕೆ, ಅಂದರೆ ಬ್ರುಸೆಲ್ಲೋಸಿಸ್ ತರುವ ರೋಗಾಣುವಿಗೆ, ಮೇಲಿನ ಸ್ಥಾನ. ಗಾಳಿಯಲ್ಲಿ ತೇಲಿ ಉಸಿರಿನೊಳಗೆ ಹೋದರೆ ತೀರ ಕೆಲವೇ ರೋಗಾಣುಗಳು ಸಾಕು, ಹಾಗೆ ಹೋಯಿತೆಂಬ ಅನುಮಾನವಿದ್ದವರ ರಕ್ತವನ್ನು 24 ವಾರ ಪರೀಕ್ಷಿಸುತ್ತಿರಬೇಕಾಗುತ್ತದೆ. ಆಮೇಲೆ ಅವರು ನನ್ನನ್ನು ಕೇಳಿದರು: "ಈ ಪೇಷಂಟ್ ಮನೇಲಿ ದನ ಇದೆಯಾ, ಗೊತ್ತಾ?"

ಗೊತ್ತಿತ್ತು. ಹೊರಗೆ ಬಂದು ಚಿಕ್ಕಮ್ಮನಿಗೆ ಫೋನ್ ಮಾಡಿದೆ. ಯಾವುದಾದರೂ ಹಸು ಈ ವರ್ಷ ಕಂದು ಹಾಕಿತ್ತಾ?

"ಗೌರಿ ಹಾಕಿತ್ತಲ್ಲ, ನಾಗರಪಂಚಮಿ ಹೊತ್ತಿಗೆ. ಏಳು ತಿಂಗಳಾಗಿತ್ತು. ಕಸ (ಮಾಸು) ಬೇರೆ ಬಿದ್ದಿರ್ಲಿಲ್ಲ. ಮಳೆ ಅಂದ್ರೆ ಮಳೆ, ಡಾಕ್ಟ್ರು ಬರೋ ಹಾಗಿರ್ಲಿಲ್ಲ, ನಿನ್ನ ಚಿಕ್ಕಪ್ಪನೇ ಕೈ ಹಾಕಿ ತೆಗೆದ್ರು. ಅದಕ್ಕೂ ಇದಕ್ಕೂ ಎಂಥ ಸಂಬಂಧ?"

ಆ ಸಂಬಂಧ ಎಂಥದೆಂದು ಬಿಡಿಸಿ ಹೇಳಲು ಜಗತ್ತಿಗೂ ಬಹಳ ವರ್ಷ ಹಿಡಿಯಿತು. ಮೆಡಿಟರೇನಿಯನ್ ಸಮುದ್ರದ ನಡುವಿನ ಮಾಲ್ಟಾ ದ್ವೀಪದಲ್ಲಿ ಬ್ರಿಟಿಷ್ ಸೈನಿಕರು ತಿಂಗಳುಗಟ್ಟಲೆ ಜ್ವರದಲ್ಲಿ ಮಲಗುತ್ತಿದ್ದರು. 1887ರಲ್ಲಿ ಡೇವಿಡ್ ಬ್ರೂಸ್ ಎಂಬ ಸೇನಾ ವೈದ್ಯ ಸತ್ತವರ ಗುಲ್ಮದಿಂದ ರೋಗಾಣುವನ್ನು ಬೇರ್ಪಡಿಸಿದ. ರೋಗದ ಹೆಸರಿನಲ್ಲಿ ಉಳಿದಿರುವುದು ಅವನೇ. ರೋಗಾಣು ಸಿಕ್ಕಿತೇ ಹೊರತು ಅದು ಎಲ್ಲಿಂದ ಬರುತ್ತದೆಂದು ತಿಳಿಯಲಿಲ್ಲ. 1905ರಲ್ಲಿ ಥೆಮಿಸ್ಟೊಕ್ಲಿಸ್ ಝಾಮಿತ್ ಎಂಬ ಮಾಲ್ಟಾದವನೇ ಆದ ವೈದ್ಯ ಆಡುಗಳ ರಕ್ತ ಪರೀಕ್ಷಿಸಿ ನೋಡಿದ. ಮನೆ ಮನೆಯ ಬಾಗಿಲಿಗೆ ಬಂದು ಹಾಲು ಕರೆಸಿಕೊಳ್ಳುತ್ತಿದ್ದ, ನೋಡಲು ದಷ್ಟಪುಷ್ಟವಾಗಿದ್ದ ಆಡುಗಳೇ ರೋಗವನ್ನು ಹೊತ್ತು ತಿರುಗುತ್ತಿದ್ದವು. ಮರುವರ್ಷ ಸೈನ್ಯದಲ್ಲಿ ಆಡಿನ ಹಾಲು ನಿಲ್ಲಿಸಿದರು, ಸೈನಿಕರ ಜ್ವರವೂ ನಿಂತಿತು. ಊರಿನ ಜನ ಮಾತ್ರ ಹಸಿ ಹಾಲನ್ನೇ ಕುಡಿಯುತ್ತ ಇನ್ನೂ ಎಷ್ಟೋ ವರ್ಷ ನರಳಿದರು. ಸೈನ್ಯಕ್ಕೆ ಆದೇಶ ಸಾಕು, ಊರಿಗೆ ಆದೇಶ ಸಾಲುವುದಿಲ್ಲ.

ಅತ್ತ ಡೆನ್ಮಾರ್ಕಿನಲ್ಲಿ 1897ರಲ್ಲಿ ಬರ್ನ್‌ಹಾರ್ಡ್ ಬ್ಯಾಂಗ್ ಎಂಬ ಪಶುವೈದ್ಯ, ಹಸುಗಳು ಕಂದು ಹಾಕಲು ಕಾರಣವಾದ ರೋಗಾಣುವನ್ನು ಕಂಡುಹಿಡಿದಿದ್ದ. ಆಡಿನದು ಬೇರೆ, ಹಸುವಿನದು ಬೇರೆ ಎಂದೇ ಎಲ್ಲರೂ ತಿಳಿದಿದ್ದರು. ಎರಡೂ ಹತ್ತಿರದ ಸಂಬಂಧಿಗಳು, ಹಸುವಿನ ಹಸಿ ಹಾಲೂ ಮನುಷ್ಯರಿಗೆ ಅಪಾಯ ಎಂದು 1918ರಲ್ಲಿ ಬರೆದವರು ಅಮೆರಿಕದ ಆಲಿಸ್ ಇವಾನ್ಸ್. ಡಾಕ್ಟರೇಟ್ ಇಲ್ಲದ ಒಬ್ಬ ಹೆಂಗಸು ಹೇಳಿದ್ದೆಂದು ದೊಡ್ಡವರು ತಳ್ಳಿಹಾಕಿದರು. 1922ರಲ್ಲಿ ಲ್ಯಾಬಿನಲ್ಲೇ ಆಕೆಗೆ ಆ ಸೋಂಕು ಹತ್ತಿ, ವರ್ಷಾನುಗಟ್ಟಲೆ ಬಂದು ಹೋಗಿ ಮಾಡಿತು. ನರದೌರ್ಬಲ್ಯ ಅಂದರು, ಮನಸ್ಸಿನ ಕಲ್ಪನೆ ಅಂದರು. ರೋಗದ ಬಗ್ಗೆ ಜಗತ್ತಿನಲ್ಲೇ ಎಲ್ಲರಿಗಿಂತ ಹೆಚ್ಚು ತಿಳಿದಿದ್ದವರಲ್ಲೊಬ್ಬರಿಗೆ ಈ ಗತಿ. ನಮ್ಮ ಚಿಕ್ಕಪ್ಪನಿಗೆ ಒಬ್ಬರು "ವಯಸ್ಸಾಯ್ತಲ್ಲ, ಇನ್ನು ಸುಸ್ತು ಇದ್ದದ್ದೇ" ಅಂದದ್ದು ಅದರ ಮುಂದೆ ಏನೂ ಅಲ್ಲ.

ಸ್ನಾಯುವಿನ ಮಾತಿಗೆ ಬರುತ್ತೇನೆ. ಮೈಯಲ್ಲಿ ಇಷ್ಟೊಂದು ಮಾಂಸವಿದ್ದರೂ ಅದರೊಳಗೆ ಕೀವಾಗುವುದು ಕಡಿಮೆ ಎಂಬುದನ್ನು ನಾವು ಗಮನಿಸುವುದೇ ಇಲ್ಲ. ಚರ್ಮದಲ್ಲಿ ಕುರು ಏಳುತ್ತದೆ, ಹಲ್ಲಿನ ಬುಡದಲ್ಲಿ ಕೀವಾಗುತ್ತದೆ, ಆರೋಗ್ಯವಾಗಿರುವ ಸ್ನಾಯು ಮಾತ್ರ ಸುಲಭಕ್ಕೆ ಸೋಲುವುದಿಲ್ಲ. ಅದಕ್ಕೆ ರಕ್ತ ಧಾರಾಳವಾಗಿ ಹರಿಯುತ್ತದೆ. ರೋಗಾಣುಗಳು ಬೆಳೆಯಲು ಬೇಕಾದ ಕಬ್ಬಿಣವನ್ನು ಸ್ನಾಯು ತನ್ನ ಮಯೋಗ್ಲೋಬಿನ್ನಿನಲ್ಲಿ ಕಟ್ಟಿಹಾಕಿಕೊಂಡಿರುತ್ತದೆ ಎಂಬುದನ್ನೂ ಒಂದು ಕಾರಣವಾಗಿ ಹೇಳುತ್ತಾರೆ. ಹಾಗೂ ಸ್ನಾಯುವಿನಲ್ಲಿ ಕೀವು ಕಂಡರೆ ಹೆಚ್ಚಾಗಿ ಅದು ಸ್ಟ್ಯಾಫಿಲೋಕಾಕಸ್ ಎಂಬ, ಚರ್ಮದ ಮೇಲೇ ಇರುವ ಪರಿಚಿತ ರೋಗಾಣುವಿನ ಕೆಲಸ. ಅದು ಗುಟ್ಟು ಮಾಡುವುದಿಲ್ಲ. ಬಾವು ಕೆಂಪಾಗಿ, ಬಿಸಿಯಾಗಿ, ಕೆಲವೇ ದಿನಗಳಲ್ಲಿ ಮನುಷ್ಯನನ್ನು ಆಸ್ಪತ್ರೆಗೆ ಓಡಿಸುತ್ತದೆ.

ಬ್ರುಸೆಲ್ಲಾದ ನಡೆ ಬೇರೆ. ಮೈಗೆ ಹೊಕ್ಕ ರೋಗಾಣುವನ್ನು ನುಂಗಿ ಅರಗಿಸಬೇಕಾದ ಬಿಳಿರಕ್ತಕಣಗಳು ಇದನ್ನೂ ನುಂಗುತ್ತವೆ, ಅರಗಿಸಲು ಮಾತ್ರ ಆಗುವುದಿಲ್ಲ. ಅರಗಿಸುವ ರಸದ ಚೀಲ ತನ್ನ ಹತ್ತಿರ ಬಂದು ಸೇರದ ಹಾಗೆ ಅದು ಕಣದೊಳಗೇ ವ್ಯವಸ್ಥೆ ಮಾಡಿಕೊಂಡು ಅಲ್ಲಿಯೇ ಹೆಚ್ಚುತ್ತದೆ. ಅದರ ಹೊರಕವಚವೂ ಮೈಯ ಕಾವಲನ್ನು ದೊಡ್ಡದಾಗಿ ಎಬ್ಬಿಸುವಂಥದ್ದಲ್ಲ. ಆ ಕಣಗಳ ಒಳಗಿದ್ದುಕೊಂಡೇ ಗುಲ್ಮ, ಯಕೃತ್ತು, ಮೂಳೆಮಜ್ಜೆಗೆ ಹೋಗುತ್ತದೆ, ಆಗಾಗ ರಕ್ತಕ್ಕೆ ಇಳಿಯುತ್ತದೆ. ರೋಗ ಜೋರಾದಾಗ ಹೆಚ್ಚಾಗಿ ತೊಂದರೆಯಾಗುವುದು ಮೂಳೆ ಕೀಲುಗಳಿಗೆ: ಸೊಂಟದ ಹಿಂದಿನ ಕೀಲು, ಬೆನ್ನಿನ ಕೆಳಭಾಗದ ಕಶೇರು. ಗಂಡಸರಲ್ಲಿ ಕೆಲವರಿಗೆ ವೃಷಣ ಊದುತ್ತದೆ. ಹೃದಯದ ಕವಾಟಕ್ಕೆ ತಗಲುವುದು ಅಪರೂಪ; ಈ ರೋಗದಿಂದ ಸಾಯುವ ಕೆಲವರು ಸಾಯುವುದು ಹೆಚ್ಚಾಗಿ ಅದರಿಂದಲೇ. ಸ್ನಾಯುವಿನ ಕೀವು ಈ ಪಟ್ಟಿಯ ತುದಿಯಲ್ಲೆಲ್ಲೋ ಇದೆ. ಇರುವ ಪ್ರಕರಣಗಳಲ್ಲೂ ಸೋಯಸ್ಸಿನ ಕೀವು ಹೆಚ್ಚಾಗಿ ಪಕ್ಕದ ಕಶೇರುವಿನಿಂದ ಇಳಿದದ್ದಾಗಿರುತ್ತದೆ. ಮೂಳೆ ಸ್ವಚ್ಛವಾಗಿದ್ದು, ರಕ್ತದ ಮೂಲಕವೇ ರೋಗಾಣು ಬಂದು ಎರಡು ಬೇರೆ ಬೇರೆ ಸ್ನಾಯುಗಳಲ್ಲಿ ಕೂರುವುದು ಇನ್ನೂ ವಿರಳ. ವೈದ್ಯಕೀಯ ಪತ್ರಿಕೆಗಳಲ್ಲಿ ಇಂಥವು ಒಬ್ಬೊಬ್ಬ ರೋಗಿಯ ಕಥೆಯಾಗಿ ಬರುತ್ತವೆ. ಚಿಕ್ಕಪ್ಪನಿಗೆ ಇದನ್ನು ಹೇಳಿದಾಗ ಅವರಿಗೆ ಸ್ವಲ್ಪ ಹೆಮ್ಮೆಯೇ ಆದಂತೆ ಕಂಡಿತು.

ನನ್ನನ್ನು ಹೆಚ್ಚು ಕಾಡಿದ್ದು ಔಷಧಿಗಳ ಸಂಗತಿ. ಬ್ರುಸೆಲ್ಲೋಸಿಸ್‌ಗೆ ಕೊಡುವ ಮುಖ್ಯ ಜೋಡಿ ಯಾವುದು ಗೊತ್ತೇ? ಡಾಕ್ಸಿಸೈಕ್ಲಿನ್ ಮತ್ತು ರಿಫಾಂಪಿಸಿನ್, ಎರಡೂ ಒಟ್ಟಿಗೆ, ಕಡಿಮೆಯೆಂದರೆ ಆರು ವಾರ. ರಿಫಾಂಪಿಸಿನ್ ಬದಲು ಸ್ಟ್ರೆಪ್ಟೊಮೈಸಿನ್ ಇಂಜೆಕ್ಷನ್ ಕೊಡುವುದೂ ಇದೆ. 1986ರಿಂದ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯೂ ಇದೇ. ಚಿಕ್ಕಪ್ಪನ ಮನೆಗೆ ಈ ಎರಡೂ ಬಂದಿದ್ದವು. ಡಾಕ್ಸಿಸೈಕ್ಲಿನ್ ಅಕ್ಟೋಬರಿನಲ್ಲಿ ಇಲಿ ಜ್ವರದ ಹೆಸರಿನಲ್ಲಿ ಒಂಟಿಯಾಗಿ ಬಂದು ಒಂದೇ ವಾರಕ್ಕೆ ಹೋಯಿತು. ರಿಫಾಂಪಿಸಿನ್ ಜನವರಿಯಲ್ಲಿ ಟಿ.ಬಿ.ಯ ಹೆಸರಿನಲ್ಲಿ ಬಂತು. ಎರಡು ಸಲವೂ ಜ್ವರ ತಗ್ಗಿದ್ದು ಅದಕ್ಕೇ. ಒಂದೊಂದೇ ಬಂದರೆ ಕಣದೊಳಗೆ ಅಡಗಿರುವ ರೋಗಾಣು ಸಾಯುವುದಿಲ್ಲ, ತಲೆ ತಗ್ಗಿಸಿಕೊಂಡು ಕೂರುತ್ತದೆ ಅಷ್ಟೆ. ಎರಡು ಊಹೆಗಳೂ ತಮ್ಮ ತಮ್ಮ ಹೊತ್ತಿಗೆ ನ್ಯಾಯವಾದವೇ. ಊಹೆ ತಪ್ಪಿದ್ದರೂ ಔಷಧಿ ಅರ್ಧ ಸರಿಯಾಗಿದ್ದರಿಂದ, ಊಹೆಯೇ ಸರಿ ಎಂದು ಎಲ್ಲರಿಗೂ ಅನಿಸಿತು. ಏನೂ ಗುಣವಾಗದೆ ಇದ್ದಿದ್ದರೆ ಬಹುಶಃ ಬೇಗ ಪತ್ತೆಯಾಗುತ್ತಿತ್ತು.

ಕಲ್ಚರಿನ ಜೊತೆಗೆ ರೋಸ್ ಬೆಂಗಾಲ್ ಪರೀಕ್ಷೆಯನ್ನೂ ಮಾಡಿದೆವು. ಗುಲಾಬಿ ಬಣ್ಣ ಹಾಕಿದ ಸತ್ತ ಬ್ರುಸೆಲ್ಲಾ ದ್ರವದ ಒಂದು ಹನಿ, ರೋಗಿಯ ಸೀರಂ ಒಂದು ಹನಿ, ಕಾರ್ಡಿನ ಮೇಲೆ ಬೆರೆಸಿ ನಾಲ್ಕು ನಿಮಿಷ ಅಲುಗಾಡಿಸಿದರೆ ಮುಗಿಯಿತು. ಚಿಕ್ಕಪ್ಪನ ಹನಿ ಒಡೆದ ಹಾಲಿನ ಹಾಗೆ ಗಡ್ಡೆ ಗಡ್ಡೆಯಾಯಿತು. ಸೀರಂ ಅನ್ನು ತೆಳುಮಾಡುತ್ತ ಹೋಗಿ ಟ್ಯೂಬಿನಲ್ಲಿ ಮಾಡುವ ಇನ್ನೊಂದು ಪರೀಕ್ಷೆಯಲ್ಲಿ 1:160 ದಾಟಿದರೆ ಗಂಭೀರವಾಗಿ ನೋಡುತ್ತೇವೆ, ಇವರದು 1:640 ಇತ್ತು. ಕಾರ್ಡಿನ ಈ ಪರೀಕ್ಷೆಗೆ ದೊಡ್ಡ ಯಂತ್ರ ಬೇಡ, ದೊಡ್ಡ ಖರ್ಚೂ ಇಲ್ಲ. ಆದರೆ ಡಾಕ್ಟರು ಚೀಟಿಯಲ್ಲಿ ಬರೆಯದೆ ಲ್ಯಾಬಿನವರು ಮಾಡುವುದಿಲ್ಲ, ಹಸುವಿನ ಸುದ್ದಿ ಕೇಳದೆ ಡಾಕ್ಟರು ಬರೆಯುವುದಿಲ್ಲ, ಯಾರೂ ಕೇಳದೆ ಚಿಕ್ಕಮ್ಮ ಹೇಳುವುದಿಲ್ಲ. ಆಸ್ಪತ್ರೆಯ ಫೈಲಿನ ಮೊದಲ ಹಾಳೆಯಲ್ಲಿ ಉದ್ಯೋಗ ಎಂಬಲ್ಲಿ "ಕೃಷಿ" ಎಂದು ಬರೆದಿತ್ತು. ನಮ್ಮ ಜಿಲ್ಲೆಯಲ್ಲಿ ಅರ್ಧಕ್ಕರ್ಧ ಫೈಲುಗಳಲ್ಲಿ ಅದೇ ಇರುತ್ತದೆ. ಅದರೊಳಗೆ ಕೊಟ್ಟಿಗೆ ಇದೆಯೋ, ಹೆರಿಗೆ ಮಾಡಿಸುವವರು ಯಾರೋ, ಅದು ಯಾವ ಹಾಳೆಯಲ್ಲೂ ಇರುವುದಿಲ್ಲ.

ಇಲ್ಲಿ ನನ್ನದೊಂದು ತಕರಾರಿದೆ. ಬ್ರುಸೆಲ್ಲೋಸಿಸ್ ಬಗ್ಗೆ ಎಲ್ಲಿ ಓದಿದರೂ ಮೊದಲ ಬುದ್ಧಿಮಾತು "ಹಾಲು ಕಾಯಿಸಿ ಕುಡಿಯಿರಿ" ಎಂಬುದೇ. ಮಾಲ್ಟಾಕ್ಕೆ ಸರಿ. ಹಸಿ ಹಾಲಿನ ಚೀಸ್ ತಿನ್ನುವ ದೇಶಗಳಿಗೆ ಸರಿ. ಮಲೆನಾಡಿನ ಮನೆಗಳಲ್ಲಿ ಹಾಲನ್ನು ಉಕ್ಕಿಸದೆ ಬಿಡುವವರು ಯಾರು? ಉಕ್ಕಿಸಿದರೆ ಬ್ರುಸೆಲ್ಲಾ ಸಾಯುತ್ತದೆ. ಮೊಸರು ಮಜ್ಜಿಗೆಯೂ ಕಾಯಿಸಿದ ಹಾಲಿನದ್ದೇ. ಹೊಸದಾಗಿ ಕರು ಹಾಕಿದ ಹಸುವಿನ ಹಾಲಿನಲ್ಲಿ ಬೆಲ್ಲ ಏಲಕ್ಕಿ ಹಾಕಿ ಗಿಣ್ಣು ಮಾಡುವುದೂ ಹಬೆಯಲ್ಲಿ ಬೇಯಿಸಿಯೇ. ಕರೆಯುವಾಗಲೇ ಲೋಟ ಹಿಡಿದು ನೊರೆಹಾಲು ಕುಡಿಯುವ ಹಳಬರು ಅಲ್ಲಲ್ಲಿ ಇದ್ದಾರೆ, ಪಂಚಾಮೃತಕ್ಕೆ ಕಾಯಿಸದ ಹಾಲೇ ಆಗಬೇಕು ಎನ್ನುವವರಿದ್ದಾರೆ. ಅವರಿಗೆ ಹೇಳಬೇಕಾದ್ದು ಇದ್ದೇ ಇದೆ. ಉಳಿದಂತೆ ನಮ್ಮ ಅಡುಗೆಮನೆ ಈ ವಿಷಯದಲ್ಲಿ ಪಾಸಾಗಿದೆ.

ನಮ್ಮ ಅಪಾಯ ಇರುವುದು ಕೈಯಲ್ಲಿ. ಗಬ್ಬದ ಹಸುವಿನ ಮಾಸಿನಲ್ಲಿ ಎರಿತ್ರಿಟಾಲ್ ಎಂಬ ಸಕ್ಕರೆಯಂಥ ಪದಾರ್ಥವಿರುತ್ತದೆ, ಹಸುವಿನ ಬ್ರುಸೆಲ್ಲಾಕ್ಕೆ ಅದು ಮೃಷ್ಟಾನ್ನ. ಹಾಗಾಗಿ ರೋಗಾಣು ಬೇರೆಲ್ಲೂ ಹೆಚ್ಚದಷ್ಟು ಅಲ್ಲಿ ಹೆಚ್ಚುತ್ತದೆ. ಮಾಸು ಕೊಳೆತು ಐದನೆಯ ತಿಂಗಳಿನ ನಂತರ ಯಾವಾಗಲಾದರೂ ಹಸು ಕಂದು ಹಾಕುತ್ತದೆ. ಬಿದ್ದ ಕಂದು, ಕಸ, ನೀರು ಎಲ್ಲದರಲ್ಲೂ ಕೋಟಿಗಟ್ಟಲೆ ರೋಗಾಣು. ಕಸ ಒಳಗೇ ಉಳಿದರೆ ನಮ್ಮವರು ಬರಿಗೈ ಹಾಕಿ ಎಳೆಯುತ್ತಾರೆ. ಅಡಿಕೆ ಸುಲಿದ ಕೈ, ಹುಲ್ಲು ಕೊಯ್ದ ಕೈ, ಕತ್ತಿ ತಾಗಿದ ಗಾಯ ಒಂದಾದರೂ ಇಲ್ಲದ ಕೈ ಯಾರದಿದೆ? ಮುಖಕ್ಕೆ ಹಾರಿದ ಹನಿಯನ್ನು ಅದೇ ತೋಳಿನಲ್ಲಿ ಒರೆಸಿಕೊಳ್ಳುತ್ತಾರೆ. ಹೆಚ್ಚಿನ ಮನೆಗಳಲ್ಲಿ ಆಮೇಲೆ ಕೊಟ್ಟಿಗೆ ತೊಳೆಯುವವರು ಹೆಂಗಸರು. ಒಣಗಿದ ಬಿಸಿಲಿನಲ್ಲಿ ಈ ರೋಗಾಣು ಬೇಗ ಸಾಯುತ್ತದೆ. ತಂಪು, ಒದ್ದೆ, ನೆರಳು ಇದ್ದಲ್ಲಿ ತಿಂಗಳುಗಟ್ಟಲೆ ಉಳಿಯಬಲ್ಲದು. ಸೊಪ್ಪು ಹಾಸಿದ ಕೊಟ್ಟಿಗೆ, ಆಷಾಢ ಶ್ರಾವಣದ ಮಳೆ. ಇನ್ನೇನು ಹೇಳಲಿ.

ಬಿದ್ದ ಕಸ ಎಲ್ಲಿಗೆ ಹೋಗುತ್ತದೆ ಎಂಬುದೂ ಒಂದು ಪ್ರಶ್ನೆ. ಹಾಲು ಸುರಿಯುವ ಮರಕ್ಕೆ, ಆಲಕ್ಕೋ ಅತ್ತಿಗೋ, ಹುಲ್ಲಿನಲ್ಲಿ ಸುತ್ತಿ ಕಟ್ಟುವ ಪದ್ಧತಿ ಕೆಲವು ಊರುಗಳಲ್ಲಿದೆ. ಹಸುವೂ ಹಾಗೇ ಹಾಲು ಸುರಿಸಲಿ ಎಂದು. ಚೆನ್ನಾಗಿ ಕರು ಹಾಕಿದ ಹಸುವಿನದು ಮರಕ್ಕೆ, ಕಂದು ಹಾಕಿದ್ದರದು ಗೊಬ್ಬರಗುಂಡಿಗೋ ಹಳ್ಳಕ್ಕೋ. ಗುಂಡಿಯಿಂದ ನಾಯಿ ಎಳೆದುಕೊಂಡು ಹೋಗಿ ಪಕ್ಕದ ಮನೆಯ ಅಂಗಳದಲ್ಲಿ ತಿನ್ನುತ್ತದೆ. ಆಳವಾಗಿ ಗುಂಡಿ ತೋಡಿ, ಸುಣ್ಣ ಸುರಿದು, ನಾಯಿಗೆ ಎಟುಕದಂತೆ ಮುಚ್ಚಬೇಕು ಎಂದು ಪಶುವೈದ್ಯರು ಹೇಳುತ್ತಲೇ ಇದ್ದಾರೆ. ಶಿವಮೊಗ್ಗದಲ್ಲೇ ಪಶುವೈದ್ಯಕೀಯ ಕಾಲೇಜಿದೆ, ವೈದ್ಯಕೀಯ ಕಾಲೇಜೂ ಇದೆ. ಚಿಕ್ಕಪ್ಪನ ಕಾಯಿಲೆಯಲ್ಲಿ ಈ ಎರಡು ವಿದ್ಯೆಗಳು ಭೇಟಿಯಾದದ್ದು ನನ್ನ ಮೊಬೈಲಿನಲ್ಲಿ, ಅದೂ ತಿಂಗಳುಗಳು ಕಳೆದ ಮೇಲೆ.

ಚಿಕಿತ್ಸೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಸೋಯಸ್ಸಿನ ಕೀವು ಹೆಚ್ಚಿದ್ದರಿಂದ ಸ್ಕ್ಯಾನ್ ನೋಡಿಕೊಂಡು ನಳಿಕೆ ಹಾಕಿ ಬಸಿದರು. ತೊಡೆಯದು ಚಿಕ್ಕದು, ಅದನ್ನು ಔಷಧಿಗೇ ಬಿಟ್ಟರು. ಮೊದಲ ವಾರ ಜೆಂಟಾಮೈಸಿನ್ ಇಂಜೆಕ್ಷನ್, ಜೊತೆಗೆ ಡಾಕ್ಸಿಸೈಕ್ಲಿನ್ ಮತ್ತು ರಿಫಾಂಪಿಸಿನ್. ಕೀವುಗಟ್ಟಿದ್ದವರಿಗೆ ಆರು ವಾರ ಸಾಲದು, ತಿಂಗಳುಗಳೇ ಬೇಕು. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದ್ದಕ್ಕೆ ಚಿಕ್ಕಪ್ಪ ಹೆದರಲಿಲ್ಲ, ಟಿ.ಬಿ. ಮಾತ್ರೆಯ ಕಾಲದಲ್ಲೇ ನೋಡಿದ್ದರು. ಡಾಕ್ಸಿಸೈಕ್ಲಿನ್ ನುಂಗಿದವರ ಚರ್ಮ ಬಿಸಿಲಿಗೆ ಬೇಗ ಸುಡುತ್ತದೆ, ಅಂಗಳದಲ್ಲಿ ಅಡಿಕೆ ಹರಡಬೇಡಿ ಅಂದರೆ ಕೇಳುವವರಲ್ಲ, ಕುತ್ತಿಗೆ ಕಪ್ಪಾಯಿತು. ಚಿಕಿತ್ಸೆ ಪೂರ್ತಿ ಮಾಡಿದವರಲ್ಲೂ ನೂರಕ್ಕೆ 5ರಿಂದ 10 ಜನರಿಗೆ ಮರುಕಳಿಸುವುದುಂಟು, ಅದಕ್ಕೇ ಈಗಲೂ ಆಗಾಗ ಬಂದು ರಕ್ತ ಕೊಟ್ಟು ಹೋಗುತ್ತಾರೆ. ಕಾಲು ನೀಡಿ ಮಲಗುತ್ತಾರೆ.

ಗೌರಿಯ ವಿಷಯವೇ ಹೆಚ್ಚು ಕಷ್ಟದ್ದು. ಅದರ ರಕ್ತದಲ್ಲೂ ಬಂತು. ನೋಡಿದರೆ ಮೈತುಂಬಿಕೊಂಡ, ಹೊಳೆಯುವ ಹಸು. ಸೋಂಕು ಹತ್ತಿದ ಹೆಚ್ಚಿನ ಹಸುಗಳು ಒಂದೇ ಸಲ ಕಂದು ಹಾಕುತ್ತವೆ, ಆಮೇಲೆ ಸರಿಯಾಗಿಯೇ ಕರು ಹಾಕುತ್ತವೆ. ಆದರೆ ಪ್ರತಿ ಹೆರಿಗೆಯಲ್ಲೂ, ಹಾಲಿನಲ್ಲೂ ರೋಗಾಣು ಹೊರಬೀಳಬಹುದು. ದನಗಳಿಗೆ ಇದಕ್ಕೆ ಔಷಧಿ ಕೊಡುವ ಪದ್ಧತಿಯಿಲ್ಲ. ಹಲವು ದೇಶಗಳಲ್ಲಿ ಇಂಥ ಹಸುವನ್ನು ಕೊಂದು, ಮಾಲೀಕನಿಗೆ ಪರಿಹಾರ ಕೊಟ್ಟು ರೋಗವನ್ನೇ ಅಳಿಸಿದರು. ಆ ದಾರಿ ನಮ್ಮಲ್ಲಿ ಇಲ್ಲ, ಚಿಕ್ಕಮ್ಮನ ಮುಂದೆ ಆ ಮಾತೆತ್ತುವ ಧೈರ್ಯ ನನಗೂ ಇಲ್ಲ. ಊರಿನಲ್ಲಿ ಸಿಕ್ಕ ಸಲಹೆ ಒಂದೇ: "ಸುಮ್ನೆ ಯಾರಿಗಾದ್ರೂ ಕೊಟ್ಬಿಡಿ, ಹಾಲಿದೆ, ಒಳ್ಳೆ ರೇಟು ಬತ್ತದೆ." ಈ ರೋಗ ಊರಿಂದೂರಿಗೆ ಹೋಗುವುದೇ ಹೀಗೆ. ದಲ್ಲಾಳಿ ಕೈಯಲ್ಲಿ ಹಗ್ಗ ಕೊಟ್ಟವರು ಹಸು ಕಂದು ಹಾಕಿದ್ದನ್ನು ಹೇಳುವುದಿಲ್ಲ, ಕೊಳ್ಳುವವನು ಹಲ್ಲು ಕೆಚ್ಚಲು ನೋಡುತ್ತಾನೆ, ರಕ್ತ ಪರೀಕ್ಷೆ ಕೇಳುವುದಿಲ್ಲ. ಚಿಕ್ಕಪ್ಪ ಮಾರಲಿಲ್ಲ. ಕೊಟ್ಟಿಗೆಯ ಆಚೆ ತುದಿಯಲ್ಲಿ ಬೇರೆ ಗೋಡೆ ಹಾಕಿಸಿ ಕಟ್ಟಿದ್ದಾರೆ. ಖರ್ಚಿನ ಬಗ್ಗೆ ಗೊಣಗುವುದು ನಿಂತಿಲ್ಲ.

ಮುಂದಿನ ತಲೆಮಾರಿಗೆ ಲಸಿಕೆ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ ಕಾಲುಬಾಯಿ ರೋಗದ ಜೊತೆಗೆ ಕಂದು ರೋಗವೂ ಸೇರಿದೆ. ನಾಲ್ಕರಿಂದ ಎಂಟು ತಿಂಗಳ ಹೆಣ್ಣು ಕರುಗಳಿಗೆ, ಜೀವಮಾನದಲ್ಲಿ ಒಂದೇ ಸಲ. ಜೀವಂತ ರೋಗಾಣುವಿನ ಲಸಿಕೆಯಾದ್ದರಿಂದ ಗಂಡು ಕರುಗಳಿಗೂ ಗಬ್ಬದ ಹಸುಗಳಿಗೂ ಕೊಡುವುದಿಲ್ಲ. ಸೂಜಿ ತಪ್ಪಿ ಚುಚ್ಚಿಕೊಂಡರೆ ಲಸಿಕೆ ಹಾಕುವವರಿಗೇ ಜ್ವರ ಬರುತ್ತದೆ. ಕಾಲುಬಾಯಿ ಲಸಿಕೆಗೆ ಊರಿನವರು ದನ ಹಿಡಿದುಕೊಂಡು ಸಾಲು ನಿಲ್ಲುತ್ತಾರೆ, ಆ ರೋಗ ಬಂದ ಕೊಟ್ಟಿಗೆ ಹೇಗಿರುತ್ತದೆಂದು ಕಣ್ಣಾರೆ ಕಂಡವರು. ಕಂದು ಹಾಕುವುದಕ್ಕೆ ಮಾತ್ರ ಕಾರಣಗಳು ಮೊದಲೇ ತಯಾರಿರುತ್ತವೆ: ಬೇರೆ ದನ ಹಾಯ್ದಿತು, ಜಾರಿ ಬಿತ್ತು, ಯಾರದೋ ಕಣ್ಣು ಬಿತ್ತು.

ಚಿಕ್ಕಮ್ಮ ಈಗ ಪಶು ಆಸ್ಪತ್ರೆಯಿಂದ ಉದ್ದ ತೋಳಿನ ಪ್ಲಾಸ್ಟಿಕ್ ಗ್ಲೌಸು ತಂದು ಕೊಟ್ಟಿಗೆಯ ಗೂಡಿನಲ್ಲಿಟ್ಟಿದ್ದಾರೆ. "ಜಾರ್ತದೆ, ಹಿಡಿತ ಸಿಕ್ಕಲ್ಲ" ಎಂದು ಚಿಕ್ಕಪ್ಪ ಶುರು ಮಾಡಿದರೆ, "ತೊಡೆ ತೋರ್ಸಿ ನೋಡ್ವ" ಅನ್ನುತ್ತಾರೆ. ಮಾತು ಅಲ್ಲಿಗೆ ಮುಗಿಯುತ್ತದೆ. ಕಳೆದ ಸಲ ನಾನು ಹೋದಾಗ ಮೇಲಿನ ಮನೆಯ ಅಣ್ಣಯ್ಯ ಕವಳ ಹಾಕುತ್ತ ಜಗುಲಿಯಲ್ಲಿ ಕೂತಿದ್ದರು. ಕಥೆಯೆಲ್ಲ ಕೇಳಿ, ಅವರ ಎಮ್ಮೆಯೂ ಹೋದ ವರ್ಷ ಎಂಟು ತಿಂಗಳಿಗೆ ಕಂದು ಹಾಕಿತ್ತು ಅಂದರು. ಎಮ್ಮೆಗೂ ಇದು ಬರುತ್ತದಾ ಎಂದು ಕೇಳಿದರು. ಬರುತ್ತದೆ ಅಂದೆ. ಸ್ವಲ್ಪ ಹೊತ್ತು ಬಿಟ್ಟು, ಮಳೆಗಾಲದಿಂದ ತಮಗೂ ಸೊಂಟ ನೋವು, ಸಂಜೆಯಾದರೆ ಮೈ ಬೆಚ್ಚಗಾಗುತ್ತದೆ, ಅಡಿಕೆಗೆ ಔಷಧಿ ಹೊಡೆದ ಉಷ್ಣವಿರಬೇಕು ಅಂದುಕೊಂಡಿದ್ದೆ ಅಂದರು. ಮುಂದಿನ ಸೋಮವಾರ ರಕ್ತ ತೆಗೆಸುವುದೆಂದು ಆಗಿದೆ. ಅವರದ್ದೂ, ಎಮ್ಮೆಯದ್ದೂ.